ಟಾಮ್ ಅಂಡ್ ಜೆರ್ರಿಯ ‘ನಿಷೇಧಿತ ಕಂತು’ ಕೊನೆಗೂ ಹೊರಬಂತೇ? ಹಳೆಯ ಕಾರ್ಟೂನ್‌ಗಳ ಬಗ್ಗೆ ಹರಿದಾಡುವ ಸುದ್ದಿಗಳಲ್ಲಿ ನಿಜವೆಷ್ಟು?

ಟಾಮ್ ಮತ್ತು ಜೆರ್ರಿ ಕೊನೆಯ ಕಂತಿನಲ್ಲಿ ರೈಲು ಹಳಿಯ ಮೇಲೆ ಕೂತು ಸಾಯುತ್ತವೆ, ಅದಕ್ಕೇ ಆ ಕಂತನ್ನು ನಿಷೇಧಿಸಿದ್ದಾರೆ. ನಿಮ್ಮ ಮನೆಯ ಅಟ್ಟದಲ್ಲಿರುವ ಹಳೆಯ ಡಿಸ್ನಿ ಕ್ಯಾಸೆಟ್‌ಗೆ ಈಗ ಲಕ್ಷಾಂತರ ರೂಪಾಯಿ ಬೆಲೆ. ಅಮೆರಿಕದವರು ಐವತ್ತು ವರ್ಷ ಬಚ್ಚಿಟ್ಟಿದ್ದ ಕಾರ್ಟೂನ್‌ಗಳು ಮುಂದಿನ ತಿಂಗಳು ಡಿಸ್ಕ್ ರೂಪದಲ್ಲಿ ಬರುತ್ತಿವೆ. ಇಂಥ ಸಂದೇಶಗಳಲ್ಲಿ ಒಂದಾದರೂ ನಿಮ್ಮ ಮನೆಯವರ ಗ್ರೂಪಿಗೋ, ಹಳೆಯ ಗೆಳೆಯರ ಗ್ರೂಪಿಗೋ ಬಂದಿರಬಹುದು. ನೀವೂ ‘ಅಯ್ಯೋ, ಹೌದಾ!’ ಎಂದು ಇನ್ನೊಬ್ಬರಿಗೆ ಕಳಿಸಿರಬಹುದು.

ಕಾರ್ಟೂನ್ ಸುದ್ದಿ ತಾನೇ, ಸುಳ್ಳಾದರೆ ಯಾರಿಗೆ ನಷ್ಟ ಎಂದು ಕೇಳಬಹುದು. ಕಾಯಿಲೆ, ಔಷಧಿ ಕುರಿತ ಸುಳ್ಳುಗಳಷ್ಟು ಅಪಾಯ ಇವುಗಳಿಂದ ಇಲ್ಲ, ನಿಜ. ಆದರೂ ನಾವು ಈ ವಿಷಯವನ್ನು ಎತ್ತಿಕೊಂಡದ್ದಕ್ಕೆ ಕಾರಣಗಳಿವೆ. ಸಾವಿನ ಕಥೆ ಕಟ್ಟಿದ ಸಂದೇಶ ಮಕ್ಕಳ ಕೈಗೂ ಸಿಗುತ್ತದೆ. ಕ್ಯಾಸೆಟ್ ಬೆಲೆಯ ಆಸೆಗೆ ದುಡ್ಡು ಕಳೆದುಕೊಳ್ಳುವವರಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಹಳೆಯ ಚಿತ್ರವೊಂದು ಏಕೆ ಸಿಗುತ್ತದೆ, ಏಕೆ ಸಿಗುವುದಿಲ್ಲ ಎಂಬುದಕ್ಕೆ ನಿಜವಾದ ಕಾರಣಗಳಿವೆ. ಆ ಕಾರಣಗಳು ಗೊತ್ತಾದರೆ ಸುಳ್ಳು ಸುದ್ದಿಯನ್ನು ನೀವೇ ಹಿಡಿಯಬಹುದು.

ಹಳಿಯ ಮೇಲೆ ಕೂತ ಬೆಕ್ಕು ಮತ್ತು ಇಲಿ

ಮೊದಲು ಅತಿ ಹೆಚ್ಚು ಹರಿದಾಡುವ ಸುದ್ದಿಯನ್ನೇ ನೋಡೋಣ. ಆ ದೃಶ್ಯ ಇರುವುದು ನಿಜ. ಚಿತ್ರದ ಹೆಸರು ‘ಬ್ಲೂ ಕ್ಯಾಟ್ ಬ್ಲೂಸ್’, ಬಿಡುಗಡೆಯಾದದ್ದು 1956ರ ನವೆಂಬರ್‌ನಲ್ಲಿ. ಬಿಳಿ ಬೆಕ್ಕೊಂದನ್ನು ಪ್ರೀತಿಸುವ ಟಾಮ್‌ನನ್ನು ಬಿಟ್ಟು ಆಕೆ ಶ್ರೀಮಂತ ಬೆಕ್ಕು ಬುಚ್‌ನ ಕೈ ಹಿಡಿಯುತ್ತಾಳೆ. ಮನಸ್ಸು ಮುರಿದ ಟಾಮ್ ರೈಲು ಹಳಿಯ ಮೇಲೆ ಕೂರುತ್ತಾನೆ. ಈ ಕಥೆಯನ್ನು ನಮಗೆ ಹೇಳುವವನು ಜೆರ್ರಿ. ಕೊನೆಗೆ ತನ್ನ ಗೆಳತಿಯೂ ಬೇರೊಬ್ಬನನ್ನು ಮದುವೆಯಾಗಿ ಕಾರಿನಲ್ಲಿ ಹೋಗುವುದನ್ನು ಕಂಡು ಅವನೂ ಟಾಮ್ ಪಕ್ಕ ಬಂದು ಕೂರುತ್ತಾನೆ. ರೈಲಿನ ಸಿಳ್ಳೆ ಹತ್ತಿರವಾಗುತ್ತದೆ, ಚಿತ್ರ ಮುಗಿಯುತ್ತದೆ. ರೈಲು ಬಂದದ್ದನ್ನಾಗಲಿ, ಅವು ಸತ್ತದ್ದನ್ನಾಗಲಿ ಚಿತ್ರ ತೋರಿಸುವುದಿಲ್ಲ.

ಇದು ‘ಕೊನೆಯ ಕಂತು’ ಎಂಬುದು ಮಾತ್ರ ಸುಳ್ಳು. ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ 1940ರಿಂದ 1958ರವರೆಗೆ ಎಂಜಿಎಂ ಸ್ಟುಡಿಯೋಗೆ ಮಾಡಿಕೊಟ್ಟ 114 ಚಿತ್ರಗಳಲ್ಲಿ ಇದು 103ನೆಯದು. ಇದರ ನಂತರ ಇನ್ನೂ 11 ಚಿತ್ರಗಳು ಬಂದವು. ಅವುಗಳಲ್ಲಿ ಟಾಮ್ ಮತ್ತು ಜೆರ್ರಿ ಎಂದಿನಂತೆ ಬಡಿದಾಡಿಕೊಂಡು ಆರಾಮಾಗಿವೆ. ಕೊನೆಯದಾದ ‘ಟಾಟ್ ವಾಚರ್ಸ್’ 1958ರ ಆಗಸ್ಟ್‌ನಲ್ಲಿ ತೆರೆಕಂಡಿತು. ಆಮೇಲೆ ಜೀನ್ ಡೈಚ್ ಪ್ರಾಗ್ ನಗರದಲ್ಲಿ 13 ಚಿತ್ರಗಳನ್ನು ಮಾಡಿದರು, ಚಕ್ ಜೋನ್ಸ್ ಇನ್ನೂ 34 ಮಾಡಿದರು. ಸತ್ತವರು ಇಷ್ಟು ಓಡಾಡಲು ಸಾಧ್ಯವಿಲ್ಲ ತಾನೇ?

ಹಾನಾ, ಬಾರ್ಬೆರಾ ಜೋಡಿಯ ಸರಣಿ ನಿಂತದ್ದಕ್ಕೆ ಕಾರಣ ಇಂಥ ಕಣ್ಣೀರಿನ ಕಥೆಯಲ್ಲ, ಬರೀ ಲೆಕ್ಕಾಚಾರ. ಹೊಸ ಕಾರ್ಟೂನ್ ಮಾಡುವ ಖರ್ಚಿಲ್ಲದೆ ಹಳೆಯದನ್ನೇ ಮತ್ತೆ ಚಿತ್ರಮಂದಿರಕ್ಕೆ ಬಿಟ್ಟರೂ ಹೆಚ್ಚೂ ಕಡಿಮೆ ಅಷ್ಟೇ ದುಡ್ಡು ಬರುತ್ತದೆ ಎಂದು ಕಂಡುಕೊಂಡ ಎಂಜಿಎಂ 1957ರಲ್ಲಿ ತನ್ನ ಕಾರ್ಟೂನ್ ವಿಭಾಗವನ್ನು ಮುಚ್ಚಿತು. ಈ ಸಂಗತಿ ನೆನಪಿರಲಿ. ಹಳೆಯ ಕಾರ್ಟೂನ್‌ಗಳ ಭವಿಷ್ಯವನ್ನು ಮುಂದೆಯೂ ನಿರ್ಧರಿಸಿದ್ದು ಬಹುಪಾಲು ಇಂಥದೇ ಲೆಕ್ಕಾಚಾರ.

ಇವು ಟೀವಿಗೆಂದು ಹುಟ್ಟಿದವಲ್ಲ

ನಮ್ಮಲ್ಲಿ ಬಹಳ ಮಂದಿ ಈ ಜೋಡಿಯನ್ನು ಮೊದಲು ಕಂಡದ್ದು 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದ ಮೇಲೆ. ಹಾಗಾಗಿ ಇವು ಟೀವಿ ಧಾರಾವಾಹಿಗಳಂತೆ ‘ಕಂತು’ಗಳು ಎಂದುಕೊಂಡಿದ್ದೇವೆ. ವಾಸ್ತವದಲ್ಲಿ ಇವು ಚಿತ್ರಮಂದಿರದಲ್ಲಿ ಮುಖ್ಯ ಸಿನಿಮಾಕ್ಕೆ ಮುಂಚೆ ತೋರಿಸುತ್ತಿದ್ದ ಆರೇಳು ನಿಮಿಷದ ಕಿರುಚಿತ್ರಗಳು. ನೋಡಲು ಬರುತ್ತಿದ್ದವರಲ್ಲಿ ದೊಡ್ಡವರೂ ಇದ್ದರು. ಟಾಮ್ ಅಂಡ್ ಜೆರ್ರಿಗೆ ಏಳು ಆಸ್ಕರ್ ಪ್ರಶಸ್ತಿಗಳು ಬಂದದ್ದು ಕಿರುಚಿತ್ರ ಎಂಬ ಲೆಕ್ಕದಲ್ಲೇ.

ಚಿತ್ರಮಂದಿರದಿಂದ ಟೀವಿಗೆ, ಟೀವಿಯಿಂದ ವಿಡಿಯೋ ಕ್ಯಾಸೆಟ್‌ಗೆ, ಅಲ್ಲಿಂದ ಡಿವಿಡಿ, ಬ್ಲೂ-ರೇ, ಈಗ ಮೊಬೈಲ್ ಆ್ಯಪ್. ಒಂದೊಂದು ದಾಟಿನಲ್ಲೂ ಚಿತ್ರಗಳು ಒಂದಿಷ್ಟು ಕಳೆದುಕೊಂಡಿವೆ. ಚಿತ್ರಮಂದಿರಕ್ಕೆ ಮರುಬಿಡುಗಡೆ ಮಾಡುವಾಗ ಎಂಜಿಎಂ ಹಳೆಯ ಶೀರ್ಷಿಕೆ ಫಲಕಗಳನ್ನು ತೆಗೆದು ಹೊಸದನ್ನು ಹಾಕಿತು. 1950ರ ದಶಕದಲ್ಲಿ ಅಗಲ ಪರದೆಗೆಂದು ಮಾಡಿದ ಚಿತ್ರಗಳ ಎರಡೂ ಬದಿಯನ್ನು ಚೌಕ ಟೀವಿಗಾಗಿ ಕತ್ತರಿಸಲಾಯಿತು. ಟೀವಿಯವರು ತಮಗೆ ಒಪ್ಪಿಗೆಯಾಗದ ದೃಶ್ಯಗಳಿಗೆ ಕತ್ತರಿ ಹಾಕಿದರು. ಮನೆಮಂದಿಯ ದನಿಯನ್ನು ಬದಲಾಯಿಸಿ ಮತ್ತೆ ಡಬ್ ಮಾಡಿದ್ದೂ ಉಂಟು. ಹೀಗೆ ಒಂದೇ ಚಿತ್ರಕ್ಕೆ ಎರಡು ಮೂರು ರೂಪಗಳಿವೆ. ‘ನಾನು ಚಿಕ್ಕವನಿದ್ದಾಗ ನೋಡಿದ ದೃಶ್ಯ ಈಗ ಕಾಣುತ್ತಿಲ್ಲ’ ಎಂದು ಯಾರಾದರೂ ಹೇಳಿದರೆ ಅದು ಭ್ರಮೆಯೇ ಆಗಬೇಕಿಲ್ಲ.

ಅಭಿಮಾನಿಗಳ ಊಹೆ ಶುರುವಾಗುವುದು ಇಲ್ಲಿಂದಲೇ. ಮೊದಲು ತೆರೆಕಂಡಾಗ ಇದ್ದ ಹಾಗೆ, ಒಂದು ಚೌಕಟ್ಟೂ ಕಡಿಮೆಯಾಗದಂತೆ, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಯಾವಾಗ ಸಿಗುತ್ತವೆ? ಅಮೆರಿಕದಲ್ಲಿ ಮೂರು ನಾಲ್ಕು ದಶಕಗಳಿಂದ ಒಂದು ಸಮುದಾಯವೇ ಈ ಪ್ರಶ್ನೆಯ ಬೆನ್ನು ಬಿದ್ದಿದೆ.

38ನೇ ಚಿತ್ರದಲ್ಲಿ ನಿಂತ ಗಾಡಿ

2011ರ ಅಕ್ಟೋಬರ್‌ನಲ್ಲಿ ವಾರ್ನರ್ ಕಂಪನಿ ‘ಟಾಮ್ ಅಂಡ್ ಜೆರ್ರಿ ಗೋಲ್ಡನ್ ಕಲೆಕ್ಷನ್’ನ ಮೊದಲ ಸಂಪುಟವನ್ನು ಬ್ಲೂ-ರೇ ಡಿಸ್ಕ್‌ನಲ್ಲಿ ತಂದಿತು. ಅದರಲ್ಲಿ ಬಿಡುಗಡೆಯ ಅನುಕ್ರಮದಲ್ಲೇ ಮೊದಲ 37 ಚಿತ್ರಗಳಿದ್ದವು. ಕತ್ತರಿ ಇಲ್ಲ, ಬಣ್ಣ ಶುದ್ಧ. ಅಭಿಮಾನಿಗಳಿಗೆ ಹಬ್ಬವಾಯಿತು. ಆದರೆ ಸರಣಿಯ ಪಟ್ಟಿ ಬಾಯಿಪಾಠವಾಗಿದ್ದವರ ಎದೆ ಆಗಲೇ ಢವಗುಟ್ಟಲು ಶುರುವಾಗಿತ್ತು. ಏಕೆಂದರೆ ಮುಂದಿನದು, ಅಂದರೆ 38ನೆಯದು, 1948ರ ‘ಮೌಸ್ ಕ್ಲೀನಿಂಗ್’.

ಆ ಚಿತ್ರದ ಕೊನೆಯಲ್ಲಿ ಕಲ್ಲಿದ್ದಲ ರಾಶಿ ಬಿದ್ದು ಟಾಮ್ ಕಪ್ಪಾಗುತ್ತಾನೆ. ಕರಿಯ ಜನರನ್ನು ಅಣಕಿಸಲು ಆ ಕಾಲದ ಹಾಲಿವುಡ್ ಬಳಸುತ್ತಿದ್ದ ದನಿಯಲ್ಲೇ ಮಾತಾಡುತ್ತಾನೆ. 1951ರ ‘ಕ್ಯಾಸನೋವಾ ಕ್ಯಾಟ್’ನಲ್ಲೂ ಇಂಥದೇ ದೃಶ್ಯವಿದೆ. ಸಿಗಾರ್ ಹೊಗೆಯಿಂದ ಜೆರ್ರಿಯ ಮುಖ ಕಪ್ಪಾಗಿಸಿ, ಕಾದ ತಟ್ಟೆಯ ಮೇಲೆ ಕುಣಿಸಲಾಗುತ್ತದೆ. 2007ರಲ್ಲಿ ಬಂದಿದ್ದ ಡಿವಿಡಿ ಸಂಪುಟದಿಂದ ಈ ಎರಡನ್ನೂ ಆಗಲೇ ಕೈಬಿಡಲಾಗಿತ್ತು.

2013ರಲ್ಲಿ ಎರಡನೇ ಸಂಪುಟ ಜೂನ್‌ನಲ್ಲಿ ಬರಲಿದೆ ಎಂಬ ಪ್ರಕಟಣೆ ಹೊರಬಿತ್ತು. ಪಟ್ಟಿಯಲ್ಲಿ ಈ ಎರಡು ಹೆಸರುಗಳೇ ಇಲ್ಲ. ಅಭಿಮಾನಿಗಳು ಗಲಾಟೆ ಎಬ್ಬಿಸಿದರು. ಆನ್‌ಲೈನ್ ಅಂಗಡಿಗಳಲ್ಲಿ ಡಿಸ್ಕ್ ಹೊರಬರುವ ಮುಂಚೆಯೇ ಒಂದೊಂದು ಸ್ಟಾರ್ ಕೊಟ್ಟು ಪ್ರತಿಭಟಿಸಿದರು. ಅದರ ಬೆನ್ನಿಗೇ ಆ ಸಂಪುಟದ ಬಿಡುಗಡೆಯೇ ರದ್ದಾಯಿತು. ಅಪೂರ್ಣವಾಗಿ ಬೇಡ ಎಂದವರಿಗೆ ಪೂರ್ಣವೂ ಸಿಗಲಿಲ್ಲ, ಅಪೂರ್ಣವೂ ಸಿಗಲಿಲ್ಲ.

ಮುಂದಿನ ವರ್ಷಗಳಲ್ಲಿ ‘ಈ ದೀಪಾವಳಿಗೆ ಬರುತ್ತದೆ’ ಎಂಬ ಧಾಟಿಯ ವದಂತಿಗಳಿಗೆ ಕೊನೆಯೇ ಇರಲಿಲ್ಲ. ಅವರಿಗದು ಕ್ರಿಸ್ಮಸ್. ಕೊನೆಗೆ 2025ರಲ್ಲಿ, ಹಳೆಯ ಚಿತ್ರಗಳಿಗೆಂದೇ ಇರುವ ವಾರ್ನರ್ ಆರ್ಕೈವ್ ವಿಭಾಗದಿಂದ 114 ಚಿತ್ರಗಳೂ ಇರುವ ಬ್ಲೂ-ರೇ ಸಂಗ್ರಹ ಬಂತು. ಆ ಎರಡು ಚಿತ್ರಗಳೂ ಅದರಲ್ಲಿವೆ. ಅಂದರೆ ‘ತಡೆಹಿಡಿದಿದ್ದ ಟಾಮ್ ಅಂಡ್ ಜೆರ್ರಿ ಬಂದಿದೆ’ ಎಂಬ ಸುದ್ದಿ ಈಗ ಸುಳ್ಳಲ್ಲ. ಆದರೆ ಅದಕ್ಕೆ ಮುಂಚಿನ 14 ವರ್ಷ ಅದೇ ಸುದ್ದಿ ಮತ್ತೆ ಮತ್ತೆ ಸುಳ್ಳಾಗಿತ್ತು.

‘ನಿಷೇಧ’ ಎಂದರೆ ಯಾರ ನಿಷೇಧ?

ಫಾರ್ವರ್ಡ್‌ಗಳಲ್ಲಿ ‘ನಿಷೇಧಿತ’, ‘ಬ್ಯಾನ್ ಆದ’ ಎಂಬ ಪದ ಕಂಡರೆ ಸರ್ಕಾರವೋ ನ್ಯಾಯಾಲಯವೋ ಆದೇಶ ಹೊರಡಿಸಿದೆ ಎನ್ನಿಸುತ್ತದೆ. ನಾವು ಇಲ್ಲಿ ಹೇಳುತ್ತಿರುವ ಯಾವ ಚಿತ್ರದ ವಿಷಯದಲ್ಲೂ ಹಾಗೆ ಆಗಿಲ್ಲ. ಇವೆಲ್ಲ ಹಕ್ಕುದಾರರೇ ಒಳಗಿಟ್ಟುಕೊಂಡ ಚಿತ್ರಗಳು. ತನ್ನ ಸರಕನ್ನು ತಾನೇ ಮಾರದಿರುವುದಕ್ಕೂ, ಮಾರಬಾರದೆಂದು ಕಾನೂನು ತಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಇದಕ್ಕೆ ಅತಿ ಪ್ರಸಿದ್ಧ ಉದಾಹರಣೆ ‘ಸೆನ್ಸಾರ್ಡ್ ಇಲೆವೆನ್’ ಎಂದು ಹೆಸರಾದ 11 ವಾರ್ನರ್ ಕಾರ್ಟೂನ್‌ಗಳು. ಹೆಸರು ಕೇಳಿದರೆ ಸೆನ್ಸಾರ್ ಮಂಡಳಿ ಕತ್ತರಿಸಿದಂತೆ ತೋರುತ್ತದೆ. ನಡೆದದ್ದು ಬೇರೆ. 1968ರಲ್ಲಿ ಆ ಚಿತ್ರಗಳ ಟೀವಿ ಹಕ್ಕು ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಯ ಬಳಿಯಿತ್ತು. ಕರಿಯ ಜನರ ವ್ಯಂಗ್ಯಚಿತ್ರಣವೇ ಕಥೆಯ ತಿರುಳಾಗಿರುವ, ಎಲ್ಲೋ ಒಂದೆರಡು ದೃಶ್ಯ ಕತ್ತರಿಸಿ ಸರಿಪಡಿಸಲಾಗದ 11 ಚಿತ್ರಗಳನ್ನು ಅದು ಟೀವಿಗೆ ಕೊಡುವುದನ್ನೇ ನಿಲ್ಲಿಸಿತು. ಮುಂದೆ ಹಕ್ಕು ಕೈ ಬದಲಾದರೂ ಈ ನಿರ್ಧಾರ ಹಾಗೇ ಉಳಿಯಿತು. 2010ರಲ್ಲಿ ಹಾಲಿವುಡ್‌ನ ಟಿಸಿಎಂ ಚಿತ್ರೋತ್ಸವದಲ್ಲಿ ಇವುಗಳಲ್ಲಿ ಎಂಟನ್ನು ಹೊಸದಾಗಿ ಶುಚಿಗೊಳಿಸಿ ತೋರಿಸಿದಾಗ, ‘ಇನ್ನೇನು ಡಿವಿಡಿ ಬಂತು’ ಎಂಬ ಊಹೆ ಕಾಳ್ಗಿಚ್ಚಿನಂತೆ ಹಬ್ಬಿತು. ಹನ್ನೊಂದೂ ಸೇರಿದ ಅಧಿಕೃತ ಡಿಸ್ಕ್ ಮಾತ್ರ ಬರಲಿಲ್ಲ.

ಡಿಸ್ನಿಯ ‘ಸಾಂಗ್ ಆಫ್ ದಿ ಸೌತ್’ (1946) ಕಥೆಯೂ ಇದೇ. ನಟರು ಮತ್ತು ಕಾರ್ಟೂನ್ ಬೆರೆತ ಈ ಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ಕೊನೆಯ ಬಾರಿ ಬಂದದ್ದು 1986ರಲ್ಲಿ. ಬ್ರಿಟನ್‌ನಲ್ಲಿ ಕ್ಯಾಸೆಟ್, ಜಪಾನ್‌ನಲ್ಲಿ ಲೇಸರ್ ಡಿಸ್ಕ್ ಸಿಗುತ್ತಿತ್ತು, ಅಮೆರಿಕದಲ್ಲಿ ಎಂದೂ ಇಲ್ಲ. 2020ರಲ್ಲಿ ಡಿಸ್ನಿಯ ಮುಖ್ಯಸ್ಥ ಬಾಬ್ ಐಗರ್ ಷೇರುದಾರರ ಸಭೆಯಲ್ಲಿ, ಈ ಚಿತ್ರ ಕಂಪನಿಯ ಸ್ಟ್ರೀಮಿಂಗ್ ಸೇವೆಗೂ ಬರುವುದಿಲ್ಲ ಎಂದು ಸ್ಪಷ್ಟಪಡಿಸಿದರು. ಹಾಗಿದ್ದೂ ಇದರ ಬಿಡುಗಡೆಯ ವದಂತಿ ನಿಂತಿಲ್ಲ.

ಇವನ್ನು ಬಿಡುಗಡೆ ಮಾಡಬೇಕೇ, ಬೇಡವೇ? ಎರಡೂ ಕಡೆ ಮಾತಿದೆ. ಒಂದು ಜನಾಂಗವನ್ನು ಗೇಲಿ ಮಾಡುವ ಚಿತ್ರ ಆರು ವರ್ಷದ ಮಗುವಿನ ಮುಂದೆ ಯಾವ ವಿವರಣೆಯೂ ಇಲ್ಲದೆ ಓಡುವುದು ಸರಿಯಲ್ಲ. ಹಾಗೆಂದು ಅವನ್ನು ಮುಚ್ಚಿಟ್ಟರೆ, ಇಂಥ ಗೇಲಿ ಎಂದೂ ನಡೆದೇ ಇಲ್ಲವೆಂದು ಹೇಳಿದಂತಾಗುತ್ತದೆ. ವಾರ್ನರ್ ಕೆಲವು ಸಂಪುಟಗಳಲ್ಲಿ ನಡುದಾರಿ ಹಿಡಿಯಿತು. 2005ರ ಲೂನಿ ಟ್ಯೂನ್ಸ್ ಸಂಪುಟದಲ್ಲಿ ನಟಿ ವೂಪಿ ಗೋಲ್ಡ್‌ಬರ್ಗ್ ಮೊದಲಿಗೆ ಬಂದು, ಈ ಚಿತ್ರಣ ಆಗಲೂ ತಪ್ಪು, ಈಗಲೂ ತಪ್ಪು, ಆದರೆ ಇತಿಹಾಸವಾಗಿ ಇದನ್ನು ನೋಡಬೇಕು ಎಂಬ ಅರ್ಥದ ಮಾತು ಹೇಳುತ್ತಾರೆ. ದೊಡ್ಡವರ ಸಂಗ್ರಹಕ್ಕೆ ಪೂರ್ಣ ರೂಪದಲ್ಲಿ, ವಿವರಣೆಯೊಂದಿಗೆ ಕೊಡುವ ಈ ದಾರಿ ನಮಗೂ ಸರಿ ಎನಿಸುತ್ತದೆ. ಏನೇ ಇರಲಿ, ‘ಸತ್ಯ ಹೊರಬರಬಾರದೆಂದು ಬಚ್ಚಿಟ್ಟಿದ್ದಾರೆ’ ಎಂಬ ಸಂಚಿನ ಕಥೆಗೆ ಮಾತ್ರ ಇಲ್ಲಿ ಆಧಾರವಿಲ್ಲ.

ಒಡೆಯರು ಇಬ್ಬರಾದರೆ

ಎಷ್ಟೋ ಚಿತ್ರಗಳು ಸಿಗದಿರುವುದಕ್ಕೆ ಕಾರಣ ಯಾವ ವಿವಾದಾತ್ಮಕ ದೃಶ್ಯವೂ ಅಲ್ಲ, ಆಸ್ತಿ ಪಾಲಿನಂಥ ಹಕ್ಕಿನ ಜಗಳ. ಪಾಲಕ್ ಸೊಪ್ಪು ತಿಂದು ಬಲ ಪಡೆಯುವ ‘ಪಾಪಾಯ್’ ನಿಮಗೆ ಗೊತ್ತಿರಬಹುದು. ಪಾಪಾಯ್ ಪಾತ್ರದ ಹಕ್ಕು ಕಿಂಗ್ ಫೀಚರ್ಸ್ ಎಂಬ ಸಂಸ್ಥೆಯದು. ಫ್ಲೈಷರ್ ಸ್ಟುಡಿಯೋ 1933ರಿಂದ ಮಾಡಿದ ಹಳೆಯ ಚಿತ್ರಗಳು ಮಾತ್ರ ಮಾರಾಟವಾಗುತ್ತಾ ಹೋಗಿ ವಾರ್ನರ್ ಕೈ ಸೇರಿದವು. ಪಾತ್ರ ಒಬ್ಬರದು, ಚಿತ್ರ ಇನ್ನೊಬ್ಬರದು. ಇಬ್ಬರೂ ಒಪ್ಪದೆ ಡಿಸ್ಕ್ ತರುವಂತಿಲ್ಲ. 2006ರಲ್ಲಿ ಒಪ್ಪಂದವಾಯಿತು, 2007ರಲ್ಲಿ ಮೊದಲ ಡಿವಿಡಿ ಸಂಪುಟ ಬಂತು. ಅಣ್ಣತಮ್ಮಂದಿರ ವ್ಯಾಜ್ಯ ಮುಗಿಯುವವರೆಗೆ ಮನೆಗೆ ಬೀಗ ಬಿದ್ದಂತೆಯೇ ಇದೂ.

ಟಾಮ್ ಅಂಡ್ ಜೆರ್ರಿಯ ಹಾದಿಯೂ ನೇರವಾಗಿಲ್ಲ. ಚಿತ್ರಗಳನ್ನು ಮಾಡಿಸಿದ್ದು ಎಂಜಿಎಂ. 1986ರಲ್ಲಿ ಟೆಡ್ ಟರ್ನರ್ ಎಂಜಿಎಂ ಅನ್ನು ಕೊಂಡು, ಸ್ಟುಡಿಯೋವನ್ನು ಮತ್ತೆ ಮಾರಿದರೂ ಹಳೆಯ ಚಿತ್ರಗಳ ಭಂಡಾರವನ್ನು ಉಳಿಸಿಕೊಂಡರು. 1996ರಲ್ಲಿ ಟರ್ನರ್ ಕಂಪನಿ ಟೈಮ್ ವಾರ್ನರ್ ಜೊತೆ ಸೇರಿತು. ಕಾರ್ಟೂನ್ ನೆಟ್‌ವರ್ಕ್ ಟರ್ನರ್ ಅವರದೇ ಚಾನೆಲ್. ಹೀಗಾಗಿಯೇ ಈ ಜೋಡಿ ದಿನವಿಡೀ ಅದರಲ್ಲಿ ಓಡುತ್ತಿದ್ದದ್ದು.

ಸಂಖ್ಯೆಯ ಭಾರವೂ ಇದೆ. ಬಗ್ಸ್ ಬನ್ನಿ, ಡ್ಯಾಫಿ ಡಕ್ ಇರುವ ವಾರ್ನರ್ ಸರಣಿಗಳಲ್ಲಿ 1930ರಿಂದ 1969ರವರೆಗೆ ಸುಮಾರು 1000 ಕಿರುಚಿತ್ರಗಳಿವೆ. 2003ರಿಂದ 2008ರವರೆಗೆ ಆರು ದೊಡ್ಡ ಡಿವಿಡಿ ಸಂಪುಟಗಳು ಬಂದರೂ ಅರ್ಧವನ್ನೂ ಮುಗಿಸಲಾಗಲಿಲ್ಲ. ಅಷ್ಟರಲ್ಲಿ ಜನ ಡಿವಿಡಿ ಕೊಳ್ಳುವುದನ್ನೇ ಕಡಿಮೆ ಮಾಡಿದರು. ಪ್ರಸಿದ್ಧ ಚಿತ್ರಗಳು ಮತ್ತೆ ಮತ್ತೆ ಬರುತ್ತವೆ, ಹೆಸರು ಕೇಳದವು ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಇದು ವ್ಯಾಪಾರ, ಒಳಸಂಚಲ್ಲ.

ಬೆಂಕಿಗೆ ಹೋದ ರೀಲುಗಳು

‘ಮೂಲ ಪ್ರತಿ ಅವರ ಬಳಿ ಇದೆ, ಬೇಕಂತಲೇ ಬಿಡುತ್ತಿಲ್ಲ’ ಎನ್ನುವವರು ಮರೆಯುವ ಸಂಗತಿ ಒಂದಿದೆ. ಮೂಲ ಪ್ರತಿ ಇಲ್ಲದೆಯೂ ಇರಬಹುದು.

1950ರ ದಶಕದ ಆರಂಭದವರೆಗೆ ಸಿನಿಮಾಗಳನ್ನು ತೆಗೆಯುತ್ತಿದ್ದದ್ದು ಸೆಲ್ಯುಲೋಸ್ ನೈಟ್ರೇಟ್ ಫಿಲ್ಮ್ ಮೇಲೆ. ಹತ್ತಿಯಿಂದ ತಯಾರಾಗುತ್ತಿದ್ದ ಸಿಡಿಮದ್ದಿಗೂ ಇದಕ್ಕೂ ರಾಸಾಯನಿಕವಾಗಿ ದಾಯಾದಿ ಸಂಬಂಧ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ, ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. 1965ರಲ್ಲಿ ಎಂಜಿಎಂನ ಗೋದಾಮೊಂದು ಸುಟ್ಟಿತು. 1978ರ ಮೇ ತಿಂಗಳಲ್ಲಿ ರಾಚೆಸ್ಟರ್ ನಗರದ ಜಾರ್ಜ್ ಈಸ್ಟ್‌ಮನ್ ಹೌಸ್ ಸಂಗ್ರಹಾಲಯದಲ್ಲಿ ಬೆಂಕಿ ಬಿದ್ದು 300ಕ್ಕೂ ಹೆಚ್ಚು ಚಿತ್ರಗಳ ಮೂಲ ನೆಗೆಟಿವ್‌ಗಳು ಬೂದಿಯಾದವು. ಎಂಜಿಎಂ ಚಿತ್ರಗಳೂ ಅದರಲ್ಲಿದ್ದವು. ಇಂಥ ಕಡೆ ನಕಲು ಪ್ರತಿಗಳನ್ನೇ ಹುಡುಕಿ, ಒಳ್ಳೆಯದನ್ನು ಆರಿಸಿ ಕೆಲಸ ಮಾಡಬೇಕಾಗುತ್ತದೆ.

ನೆಗೆಟಿವ್ ಉಳಿದಿದ್ದರೂ ಕೆಲಸ ಸುಲಭವಲ್ಲ. ಆ ಕಾಲದ ಟೆಕ್ನಿಕಲರ್ ಕಾರ್ಟೂನ್‌ಗಳಲ್ಲಿ ಪ್ರತಿ ಚಿತ್ರವನ್ನೂ ಕೆಂಪು, ಹಸಿರು, ನೀಲಿ ಗಾಜಿನ ಮೂಲಕ ಮೂರು ಸಲ ಕಪ್ಪು-ಬಿಳುಪು ಫಿಲ್ಮ್ ಮೇಲೆ ಸೆರೆಹಿಡಿಯುತ್ತಿದ್ದರು. ಮೂರನ್ನೂ ಕರಾರುವಾಕ್ಕಾಗಿ ಒಂದರ ಮೇಲೊಂದು ಕೂರಿಸಿದಾಗಲೇ ಬಣ್ಣದ ಚಿತ್ರ. ಸೆಕೆಂಡಿಗೆ 24 ಚೌಕಟ್ಟು ಎಂದರೆ ಏಳು ನಿಮಿಷಕ್ಕೆ 10,080. ಮೂರು ಬಣ್ಣಕ್ಕೆ ಗುಣಿಸಿದರೆ 30,240 ಚಿತ್ರಗಳು. ಕೂದಲೆಳೆಯಷ್ಟು ಜರುಗಿದರೂ ಟಾಮ್‌ನ ಮೀಸೆಯ ಸುತ್ತ ಕೆಂಪು ನೆರಳು ಕಾಣುತ್ತದೆ.

ಧೂಳು ಒರೆಸುವುದನ್ನು ಕಂಪ್ಯೂಟರ್‌ಗೆ ಬಿಟ್ಟರೆ ಇನ್ನೊಂದು ತೊಂದರೆ. ವೇಗವಾಗಿ ಓಡುವ ಜೆರ್ರಿಯ ಕಾಲಿನ ಗೆರೆಯನ್ನೇ ಅದು ಫಿಲ್ಮ್ ಮೇಲಿನ ಗೀರು ಎಂದು ತಿಳಿದು ಅಳಿಸಿಹಾಕುತ್ತದೆ. ಮೊದಮೊದಲ ಕೆಲವು ಡಿವಿಡಿಗಳಲ್ಲಿ ಹೀಗೆ ಗೆರೆಗಳೇ ಮಾಯವಾಗಿದ್ದವು. ಇಂದು ‘ಎಐ ಮೂಲಕ 4ಕೆ ಮಾಡಿದ ಅಪರೂಪದ ಕಂತು’ ಎಂದು ಹಂಚಿಕೆಯಾಗುವ ವಿಡಿಯೋಗಳ ಕಥೆ ಇದಕ್ಕೆ ತಿರುಗುಮುರುಗು. ಇಲ್ಲದ ಗೆರೆಯನ್ನು ಅವು ಊಹಿಸಿ ಬರೆಯುತ್ತವೆ. ಕಣ್ಣಿಗೆ ನುಣುಪಾಗಿ ಕಂಡರೂ ಅದು ಮೂಲ ಕಲಾವಿದ ಬರೆದ ಚಿತ್ರವಲ್ಲ.

ಈ ನಷ್ಟ ನಮಗೂ ಹೊಸದಲ್ಲ. 2003ರ ಜನವರಿಯಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿ ಇಟ್ಟಿದ್ದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ರೀಲುಗಳು ಸುಟ್ಟುಹೋದವು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಇಂದು ಯಾವ ರೂಪದಲ್ಲೂ ನೋಡಲು ಸಿಗುವುದಿಲ್ಲ. ಅದನ್ನು ಯಾರೂ ಬಚ್ಚಿಟ್ಟಿಲ್ಲ. ಕಾಪಾಡಿಕೊಳ್ಳಲಿಲ್ಲ, ಅಷ್ಟೇ.

ಅಟ್ಟದಲ್ಲಿರುವ ಕ್ಯಾಸೆಟ್‌ಗೆ ಲಕ್ಷ ರೂಪಾಯಿಯೇ?

ಈಗ ದುಡ್ಡಿನ ಸುದ್ದಿಗೆ ಬರೋಣ. ಡಿಸ್ನಿ 1984ರಿಂದ 1994ರವರೆಗೆ ತನ್ನ ಪ್ರಸಿದ್ಧ ಚಿತ್ರಗಳ ಕ್ಯಾಸೆಟ್‌ಗಳನ್ನು ‘ದಿ ಕ್ಲಾಸಿಕ್ಸ್’ ಎಂಬ ಹೆಸರಿನಲ್ಲಿ ಮಾರಿತು. ಪೆಟ್ಟಿಗೆಯ ಬೆನ್ನ ಮೇಲೆ ವಜ್ರಾಕಾರದ ಕಪ್ಪು ಗುರುತು ಇರುತ್ತಿದ್ದರಿಂದ ಇವಕ್ಕೆ ‘ಬ್ಲ್ಯಾಕ್ ಡೈಮಂಡ್’ ಎಂದು ಅಡ್ಡಹೆಸರು. ಈ ಗುರುತಿದ್ದರೆ ಕ್ಯಾಸೆಟ್‌ಗೆ ಸಾವಿರಾರು ಡಾಲರ್ ಬೆಲೆ ಎಂಬುದು ವರ್ಷಗಳಿಂದ ಸುತ್ತುತ್ತಿರುವ ಸುದ್ದಿ.

ಇದಕ್ಕೆ ಒಂದು ಹಿನ್ನೆಲೆಯಿದೆ. ಡಿಸ್ನಿ ಕೃತಕ ಅಭಾವ ಸೃಷ್ಟಿಸುವುದರಲ್ಲಿ ಪಳಗಿದ ಕಂಪನಿ. 1944ರಲ್ಲಿ ‘ಸ್ನೋ ವೈಟ್’ ಅನ್ನು ಮರುಬಿಡುಗಡೆ ಮಾಡಿ ಗೆದ್ದ ಮೇಲೆ, ಸುಮಾರು ಏಳು ವರ್ಷಕ್ಕೊಮ್ಮೆ ಹಳೆಯ ಚಿತ್ರಗಳನ್ನು ಹೊಸ ಪೀಳಿಗೆಗೆ ತೋರಿಸುವ ಪದ್ಧತಿ ಬೆಳೆಸಿತು. ಕ್ಯಾಸೆಟ್ ಕಾಲದಲ್ಲೂ ಅದೇ ಉಪಾಯ. ಸ್ವಲ್ಪ ಕಾಲ ಮಾರಿ, ನಂತರ ಹಲವು ವರ್ಷ ಅಂಗಡಿಯಿಂದ ಹಿಂತೆಗೆದುಕೊಳ್ಳುವುದು. ಇದನ್ನು ‘ಡಿಸ್ನಿ ವಾಲ್ಟ್’, ಅಂದರೆ ತಿಜೋರಿ, ಎಂದು ಜಾಹೀರಾತುಗಳಲ್ಲೇ ಹೇಳುತ್ತಿದ್ದರು. ಹಾಗಾಗಿ ಕ್ಯಾಸೆಟ್ ಅಪರೂಪ ಎಂಬ ಭಾವನೆ ಜನರಲ್ಲಿ ಬೇರೂರಿತು.

ನಿಜಕ್ಕೂ ಅಪರೂಪವೇ? 1992ರ ‘ಬ್ಯೂಟಿ ಅಂಡ್ ದಿ ಬೀಸ್ಟ್’ ಕ್ಯಾಸೆಟ್ ಮಾರಾಟವಾದದ್ದು ಸುಮಾರು ಎರಡು ಕೋಟಿ ಪ್ರತಿ. ಎರಡು ಕೋಟಿ ಪ್ರತಿ ಇರುವ ವಸ್ತು ಹೇಗೆ ಅಪರೂಪವಾದೀತು? ಮಾರಾಟ ತಾಣದಲ್ಲಿ ಯಾರೋ ಹತ್ತು ಸಾವಿರ ಡಾಲರ್ ಎಂದು ಹಾಕಿದ್ದರ ಚಿತ್ರ ತೋರಿಸಿ ಸುದ್ದಿ ಮಾಡುತ್ತಾರೆ. ಅದು ಕೇಳಿದ ಬೆಲೆ, ಮಾರಾಟವಾದ ಬೆಲೆಯಲ್ಲ. ಸಂತೆಯಲ್ಲಿ ಯಾರು ಬೇಕಾದರೂ ತನ್ನ ಎಮ್ಮೆಗೆ ಕೋಟಿ ರೂಪಾಯಿ ಹೇಳಬಹುದು, ಕೊಳ್ಳುವವರು ಬೇಕಲ್ಲ? ಮಾರಾಟವಾದವುಗಳ ಪಟ್ಟಿಯನ್ನೇ ತೆರೆದು ನೋಡಿದರೆ ಬಳಸಿದ ಕ್ಯಾಸೆಟ್‌ಗಳು ಸಾಮಾನ್ಯವಾಗಿ ಕೆಲವೇ ಡಾಲರ್‌ಗೆ ಹೋಗಿರುತ್ತವೆ. ಸೀಲ್ ಒಡೆಯದ, ಮೊದಲ ಮುದ್ರಣದ ಕೆಲವು ಸಿನಿಮಾ ಕ್ಯಾಸೆಟ್‌ಗಳು ಹರಾಜಿನಲ್ಲಿ ದೊಡ್ಡ ಮೊತ್ತಕ್ಕೆ ಹೋದದ್ದುಂಟು. ನಿಮ್ಮ ಮನೆಯಲ್ಲಿ ನೂರು ಸಲ ನೋಡಿ ಸವೆದ ಕ್ಯಾಸೆಟ್ ಆ ಜಾತಿಯದಲ್ಲ. ‘ನಿಮ್ಮ ಕ್ಯಾಸೆಟ್ ಕೊಳ್ಳುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎಂದು ಯಾರಾದರೂ ಹೇಳಿದರೆ ಅದು ಮೋಸವೆಂದೇ ತಿಳಿಯಿರಿ.

ಮೊಬೈಲ್‌ನಲ್ಲೇ ಇದೆಯಲ್ಲ, ಡಿಸ್ಕ್ ಯಾಕೆ?

ಎಲ್ಲವೂ ಆ್ಯಪ್‌ನಲ್ಲಿ ಸಿಗುವಾಗ ಇಷ್ಟೆಲ್ಲ ತಲೆಬಿಸಿ ಏಕೆ ಎಂಬುದು ನ್ಯಾಯವಾದ ಪ್ರಶ್ನೆ. ಇದಕ್ಕೆ ವಾರ್ನರ್ ಕಂಪನಿಯೇ ಉತ್ತರ ಕೊಟ್ಟಿದೆ. 2025ರ ಮಾರ್ಚ್‌ನಲ್ಲಿ ಅದು 1930ರಿಂದ 1969ರವರೆಗಿನ ಮೂಲ ಲೂನಿ ಟ್ಯೂನ್ಸ್ ಚಿತ್ರಗಳನ್ನು ತನ್ನದೇ ಸ್ಟ್ರೀಮಿಂಗ್ ಸೇವೆಯಿಂದ ತೆಗೆದುಹಾಕಿತು. ಅದೇ ವರ್ಷ ಅವುಗಳಲ್ಲಿ ಬಹುಪಾಲು ಬೇರೊಂದು ಉಚಿತ ಸೇವೆಗೆ ಹೋದವು. ನಾಳೆ ಅಲ್ಲಿಂದಲೂ ಹೋಗಬಹುದು. ನಾವು ಚಂದಾ ಕಟ್ಟುವುದು ನೋಡುವುದಕ್ಕೆ, ಇಟ್ಟುಕೊಳ್ಳುವುದಕ್ಕಲ್ಲ. ಕಪಾಟಿನಲ್ಲಿರುವ ಡಿಸ್ಕ್ ಅನ್ನು ಯಾರೂ ದೂರದಿಂದ ಅಳಿಸಲಾರರು. ಅಭಿಮಾನಿಗಳು ಡಿಸ್ಕ್‌ಗಾಗಿ ಹಟ ಹಿಡಿಯುವುದು ಬರೀ ಹುಚ್ಚಲ್ಲ ಎಂಬುದು ಇಲ್ಲಿ ಅರ್ಥವಾಗುತ್ತದೆ.

ಅವರ ಊಹೆಯೂ ಎಲ್ಲವೂ ಗಾಳಿಮಾತಲ್ಲ. ಸಂಪುಟ 37ನೇ ಚಿತ್ರಕ್ಕೆ ನಿಂತರೆ 38ನೆಯದರ ಬಗ್ಗೆ ಕೇಳುವುದು ಲೆಕ್ಕ ಬಲ್ಲವರ ಪ್ರಶ್ನೆ. ಚಿತ್ರೋತ್ಸವದಲ್ಲಿ ಹೊಸ ಪ್ರಿಂಟ್ ಕಂಡರೆ, ಯಾರೋ ಅದಕ್ಕೆ ಹಣ ಹಾಕಿದ್ದಾರೆ ಎಂದು ಊಹಿಸುವುದೂ ಸರಿಯೇ. ತಪ್ಪಾಗುವುದು ‘ಬರಬಹುದು’ ಎಂಬುದು ಎರಡು ಕೈ ದಾಟುವಷ್ಟರಲ್ಲಿ ‘ಬರುತ್ತದೆ’ ಆಗಿ, ನಾಲ್ಕನೇ ಕೈಗೆ ‘ಬಂದಿದೆ’ ಆದಾಗ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಸುದ್ದಿ ಬಂದರೆ ಮೊದಲು ಹೇಳಿದವರು ಯಾರು ಎಂದು ನೋಡಿ. ಹಕ್ಕು ಇರುವ ಕಂಪನಿಯ ಪ್ರಕಟಣೆ ಇದೆಯೇ? ‘ಒಳಗಿನವರು ಹೇಳಿದ್ದಾರೆ’ ಎಂದಷ್ಟೇ ಇದ್ದರೆ ಕಾಯಿರಿ. ಬ್ರಿಟನ್‌ನಲ್ಲಿ ಮಾರುವ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ ಅಲ್ಲಿನ ವರ್ಗೀಕರಣ ಮಂಡಳಿಯ ಪ್ರಮಾಣಪತ್ರ ಬೇಕು. ಆ ಮಂಡಳಿಯ ಪಟ್ಟಿಯಲ್ಲಿ ಹೆಸರು ಬಂದಿದ್ದರೆ ಅದು ಗಟ್ಟಿ ಸುಳಿವು. ಆನ್‌ಲೈನ್ ಅಂಗಡಿಯಲ್ಲಿ ಡಿಸೆಂಬರ್ 31 ಎಂಬ ದಿನಾಂಕ ಕಂಡರೆ ಹಿಗ್ಗಬೇಡಿ. ದಿನಾಂಕ ಗೊತ್ತಿಲ್ಲದಾಗ ಜಾಗ ತುಂಬಲು ಹಾಕುವುದು ಸಾಮಾನ್ಯವಾಗಿ ಅದನ್ನೇ. ಪೆಟ್ಟಿಗೆಯ ಮುಖಪುಟ ಎಷ್ಟೇ ಚೆಂದವಿದ್ದರೂ ಅದನ್ನು ಅಭಿಮಾನಿಯೊಬ್ಬ ಅರ್ಧ ಗಂಟೆಯಲ್ಲಿ ಮಾಡಬಲ್ಲ. ‘ನಿಷೇಧಿತ’ ಎಂದಿದ್ದರೆ ಯಾರು, ಯಾವಾಗ, ಯಾವ ಆದೇಶದ ಮೂಲಕ ಎಂದು ಕೇಳಿ. ಉತ್ತರವಿಲ್ಲದಿದ್ದರೆ ಆ ಪದವನ್ನು ಬಿಟ್ಟು ಓದಿ. ‘ಕೊನೆಯ ಕಂತು’ ಎಂದಿದ್ದರೆ ವರ್ಷ ನೋಡಿ, ಅದರ ನಂತರ ಏನು ಬಂತೆಂದು ಹುಡುಕಿ. ಎರಡು ನಿಮಿಷದ ಕೆಲಸ.

ಸಾವಿನ ಕಥೆ ಕಟ್ಟಿದ ಆ ಟಾಮ್ ಅಂಡ್ ಜೆರ್ರಿ ಸಂದೇಶ ಮಕ್ಕಳಿರುವ ಗ್ರೂಪಿನಲ್ಲಿ ಕಂಡರೆ ದಯವಿಟ್ಟು ಮುಂದೆ ಕಳಿಸಬೇಡಿ. ನಿಮ್ಮ ಮಗು ಆಗಲೇ ನೋಡಿ ಮಂಕಾಗಿದ್ದರೆ, ‘ಇಲ್ಲಪ್ಪ, ಅದಾದ ಮೇಲೂ ಅವೆರಡೂ ಹನ್ನೊಂದು ಸಿನಿಮಾದಲ್ಲಿ ಜಗಳ ಆಡಿವೆ’ ಎಂದು ಹೇಳಿ, ಅವುಗಳಲ್ಲಿ ಒಂದನ್ನು ಜೊತೆಗೆ ಕೂತು ನೋಡಿ.